ಆಪತ್ಕಾಲದಲ್ಲಿ ಸತ್ಯವೇದ: ಕನ್ನಡ ಕ್ರೈಸ್ತ ಪರಂಪರೆಯ ಒಂದು ಪರಾಮರ್ಶೆ

ಸೊರಬ ತಾಲ್ಲೂಕಿನ ಜಡೆ, ಮಲೆನಾಡು ತನ್ನ ಕಾಡನ್ನು ಹಿಂದಕ್ಕೆ ಬಿಟ್ಟು ಬಯಲುಸೀಮೆಗೆ ಇಳಿಯತೊಡಗುವ ಅಂಚಿನಲ್ಲಿರುವ ಊರು. ಊರಿನ ಹೆಸರನ್ನು ಹೊತ್ತ ವೀರಶೈವ ಮಠ ಅಲ್ಲಿಯದು. ನೆರೆಯ ಶಿಕಾರಿಪುರ ಸೀಮೆಯಲ್ಲಿ ಅಲ್ಲಮನ ಬಳ್ಳಿಗಾವಿಯೂ ಅಕ್ಕಮಹಾದೇವಿಯ ಉಡುತಡಿಯೂ ಉಂಟು. ಸರ್ವಜ್ಞನ ಹೆಸರಿನೊಡನೆ ಬೆಸೆದುಕೊಂಡ ಮಾಸೂರು ಅಬಲೂರುಗಳೂ ದೂರದವಲ್ಲ. 1956ರ ಏಕೀಕರಣಕ್ಕೆ ಮುಂಚೆ ಇದು ಎರಡು ಆಡಳಿತಗಳ ಗಡಿಪ್ರದೇಶವೂ ಆಗಿತ್ತು: ದಕ್ಷಿಣಕ್ಕೆ ಮೈಸೂರು ಸಂಸ್ಥಾನ, ಉತ್ತರಕ್ಕೆ ಹಾನಗಲ್ಲನ್ನೊಳಗೊಂಡ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಈ ಗಡಿಯನ್ನೇ ಅನುಸರಿಸಿ ಕ್ರೈಸ್ತಪ್ರಚಾರದ ಕ್ಷೇತ್ರಗಳೂ ಬೇರ್ಪಟ್ಟಿದ್ದುವು. ಧಾರವಾಡದ ಕಡೆ ಬಾಸೆಲ್ ಮಿಶನ್ನಿನವರು, ಶಿವಮೊಗ್ಗೆಯ ಕಡೆ ವೆಸ್ಲಿಯನ್ ಮಿಶನ್ನಿನವರು ಸಭೆಗಳನ್ನೂ ಶಾಲೆಗಳನ್ನೂ ಕಟ್ಟಿದರು. ಕನ್ನಡ ಕ್ರೈಸ್ತ ಪರಂಪರೆಯನ್ನು ತೂಗಿನೋಡಬೇಕೆನ್ನುವವನು ಮಂಗಳೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ನಿಂತು ನೋಡುವುದಕ್ಕಿಂತ ಇಂಥ ನೆಲದಲ್ಲಿ ನಿಂತು ನೋಡುವುದು ಲೇಸು. ಏಕೆಂದರೆ ಇಲ್ಲಿ ಅವನ ನೆರೆಯವನಿಗೆ ನಿಷ್ಠೆಯೆಂದರೇನೆಂಬುದನ್ನು ಹೊಸದಾಗಿ ಕಲಿಸಬೇಕಾದ ಅಗತ್ಯವಿಲ್ಲ, ಶರಣರ ಕಾಲದಿಂದ, ಎಂಟು ಶತಮಾನಗಳಿಂದಲೂ, ಆ ಪಾಠ ಅವನ ಮನೆಮಾತಾಗಿದೆ.

ವಿಶ್ವಾಸಿಯಾದವನು ಸಂಕಟದಲ್ಲಿ ಶಾಸ್ತ್ರವನ್ನು ತೆರೆದಾಗ ಅವನಿಗೆ ದೊರೆಯತಕ್ಕ ಧೈರ್ಯದ ಸ್ವರೂಪವೇನೆಂಬುದೇ ಈ ಲೇಖನದ ಪ್ರಶ್ನೆ. ಪೂರ್ವದಲ್ಲಿ ಬರೆದಿಟ್ಟುದೆಲ್ಲ ನಮ್ಮ ಉಪದೇಶಕ್ಕಾಗಿ ಬರೆದುದೆಂದೂ, ಅದರಿಂದ ತಾಳ್ಮೆಯೂ ಸಂತೈಕೆಯೂ ಲಭಿಸಿ ಅವುಗಳ ಮೂಲಕ ನಿರೀಕ್ಷೆ ಹುಟ್ಟುವುದೆಂದೂ ಪೌಲನು ರೋಮಾಪುರದ ಸಭೆಗೆ ತಿಳಿಸುತ್ತಾನೆ. ಈ ಕ್ರಮ ಗಮನಾರ್ಹವಾದುದು: ನಿರೀಕ್ಷೆ ಮೊದಲು ಬಂದು ತಾಳ್ಮೆಯನ್ನು ಸುಲಭಗೊಳಿಸುವುದಿಲ್ಲ, ಬೇರೆಯವರು ತಾಳಿಕೊಂಡುದನ್ನು ಓದಿ, ತಾನೂ ತಾಳಿಕೊಂಡು, ಆ ದಾರಿಯಲ್ಲಿಯೇ ಮನುಷ್ಯನು ನಿರೀಕ್ಷೆಯನ್ನು ಸೇರುತ್ತಾನೆ. ಕನ್ನಡ ಕ್ರೈಸ್ತ ಪರಂಪರೆ ಈ ಕ್ರಮವನ್ನು ಅರಿತು ಓದಿದಲ್ಲೆಲ್ಲ ಬಲಿಷ್ಠವಾಗಿದೆ. ಶಾಸ್ತ್ರವನ್ನು ಬಿಡುಗಡೆಯ ವಾಗ್ದಾನಪತ್ರವೆಂದೋ ವಿಧೇಯತೆಯ ನಿಯಮಾವಳಿಯೆಂದೋ ಓದಿದಲ್ಲೆಲ್ಲ ದುರ್ಬಲವಾಗಿದೆ ಎಂಬುದು ನನ್ನ ಅಭಿಪ್ರಾಯ.

ಕನ್ನಡಕ್ಕೆ ಸತ್ಯವೇದ ಬಂದುದೇ ಆಪತ್ತಿನ ಮಾರ್ಗವಾಗಿ. 1812ರ ಮಾರ್ಚ್ 11ರಂದು ಬಂಗಾಳದ ಶ್ರೀರಾಮಪುರದ ಮುದ್ರಣಾಲಯ ಬೆಂಕಿಗೆ ತುತ್ತಾದಾಗ, ಅಲ್ಲಿಯ ಮಿಶನರಿ ವಿಲಿಯಂ ಕೇರಿಯ ಅನೇಕ ವರ್ಷಗಳ ದುಡಿಮೆಯೊಡನೆ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಬೂದಿಯಾಯಿತು. ಆ ಬಳಿಕ ಕೇರಿ ಕಲ್ಕತ್ತೆಯಲ್ಲಿ ಉಪದೇಶಕ್ಕೆ ಆರಿಸಿಕೊಂಡುದು ನಲವತ್ತಾರನೆಯ ಕೀರ್ತನೆಯ ಒಂದು ಮಾತು. ಬೆಟ್ಟಗಳು ಸಮುದ್ರದಲ್ಲಿ ಮುಳುಗಿದರೂ ಸುಮ್ಮನಿದ್ದು ದೇವರನ್ನು ಅರಿಯಬೇಕೆಂಬ ಭಾವದ ಕೀರ್ತನೆ ಅದು. ಆದರೆ ಆ ಸುಮ್ಮನಿರುವಿಕೆ ಕೈಕಟ್ಟಿ ಕೂರುವುದಾಗಲಿಲ್ಲ. ಅಚ್ಚಿನ ಮೊಳೆಗಳನ್ನು ಮತ್ತೆ ಎರಕ ಹೊಯ್ದು, ಭಾಷಾಂತರವನ್ನು ಮತ್ತೆ ಮೊದಲಿನಿಂದ ಆರಂಭಿಸಿದರು. ಅತ್ತ 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್, ಕನ್ನಡವನ್ನು ಮೊದಲಿನಿಂದ ಕಲಿತು, ಎರಡು ದಶಕಗಳ ಕಾಲ ದುಡಿದು ಜೊತೆಗಾರರೊಡನೆ ಇಡೀ ಸತ್ಯವೇದವನ್ನು ಕನ್ನಡಕ್ಕೆ ತಂದನು. ಶಾಸ್ತ್ರ ಕೊಡುವ ಧೈರ್ಯದ ಮೊದಲ ಲಕ್ಷಣವನ್ನು ಈ ಆರಂಭದಲ್ಲಿಯೇ ಕಾಣಬಹುದು: ಅದು ನಷ್ಟವನ್ನು ನಷ್ಟವಲ್ಲವೆಂದು ಹೇಳುವುದಿಲ್ಲ, ನಷ್ಟದ ಮರುದಿನ ಮನುಷ್ಯನನ್ನು ಅವನ ಕೆಲಸಕ್ಕೆ ಹಿಂದಿರುಗಿಸುತ್ತದೆ.

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ವ್ಯುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದ ಸಂಸ್ಕಾರವನ್ನು ತಮ್ಮೊಡನೆ ತಂದರು. ಅವರ ಧರ್ಮದಲ್ಲಿ ಪಾಂಡಿತ್ಯಕ್ಕಿಂತ ಹೃದಯಪರಿವರ್ತನೆಗೆ, ಆಚಾರಕ್ಕಿಂತ ಮನೆಯ ಪ್ರಾರ್ಥನೆಗೆ, ವ್ಯಾಖ್ಯಾನಕ್ಕಿಂತ ನಿತ್ಯಪಠನಕ್ಕೆ ಹಿರಿಯ ಸ್ಥಾನ. ಈ ಸಂಸ್ಕಾರದ ಉಪಕಾರವನ್ನು ಕಡೆಗಣಿಸುವುದು ಅನ್ಯಾಯವಾದೀತು. ಅಕ್ಷರವೇ ನಿಷಿದ್ಧವಾಗಿದ್ದ ಮನೆಗಳಲ್ಲಿ ಅದು ಓದುವ ಗಂಡಸರನ್ನಷ್ಟೇ ಅಲ್ಲದೆ ಓದುವ ಹೆಂಗಸರನ್ನೂ ಸೃಷ್ಟಿಸಿತು. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಕುಲದ ತರುಣ ಆನಂದರಾಯ ಕೌಂಡಿನ್ಯನಂಥವರಿಗೆ ಬಂಧುಬಳಗದಿಂದ ದೂರವಾಗಿ ನಡೆಯಬೇಕಾದ ದಾರಿಯಲ್ಲಿ ಜೊತೆಗೊಟ್ಟುದು ಇದೇ ಪಠನ. ಮತಾಂತರದಿಂದ ಆಸ್ತಿಯ ಹಕ್ಕು ನಷ್ಟವಾಗದಂತೆ ಬ್ರಿಟಿಷ್ ಆಡಳಿತದ ಸೀಮೆಯಲ್ಲಿ 1850ರಲ್ಲಿ ಕಾಯಿದೆ ಬಂದಿತಾದರೂ, ಕಾಯಿದೆ ಹಿಂದಿರುಗಿಸಿ ಕೊಡಬಲ್ಲುದು ಹೊಲವನ್ನು ಮಾತ್ರ. ತಾಯಿಯ ಮಾತನ್ನು, ಊರ ಬಾವಿಯ ನೀರನ್ನು, ಹಬ್ಬದ ಮನೆಯ ಕರೆಯನ್ನು ಯಾವ ಕಾಯಿದೆಯೂ ಹಿಂದಿರುಗಿಸಲಾರದು. ಆ ಶೂನ್ಯದಲ್ಲಿ, ತಾನು ಪರದೇಶಿಯಾದರೂ ಒಬ್ಬಂಟಿಯಲ್ಲವೆಂದು ಪೇತ್ರನ ಪತ್ರಿಕೆ ಹೇಳಿದುದು ಅಂಥವರಿಗೆ ಬರಿಯ ಉಪಮಾನವಾಗಿರದೆ ತಮ್ಮ ಬಾಳಿನ ವರ್ಣನೆಯೇ ಆಗಿತ್ತು.

ಆದರೆ ಈ ಪರಂಪರೆಯ ದೋಷಗಳೂ ಇದೇ ಗುಣಗಳ ಮಗ್ಗುಲಲ್ಲಿಯೇ ಬೆಳೆದುವು. ಜರ್ಮನಿಯ ಹೆರ್ನ್‌ಹುಟ್ ಸಮುದಾಯದಲ್ಲಿ 1728ರಿಂದ ದಿನಕ್ಕೊಂದು ವಚನವನ್ನು ಆರಿಸಿ ಕೊಡುವ ಪದ್ಧತಿ ಮೊದಲಾಗಿ, ಭಕ್ತಿಪಂಥದ ಮನೆಗಳಲ್ಲೆಲ್ಲ ಹರಡಿತು. ದಿನದ ದುಡಿಮೆಯ ನಡುವೆ ನೆನೆಯುವುದಕ್ಕೆ ಒಂದು ವಾಕ್ಯ ದೊರೆಯುವುದು ಹಿತವೇ ಸರಿ. ಆದರೆ ಕಾಲಕ್ರಮದಲ್ಲಿ, ವಚನವನ್ನು ಅದು ಹುಟ್ಟಿದ ಅಧ್ಯಾಯದಿಂದಲೂ ಅದನ್ನು ಕೇಳಿದ ಜನರ ದುಃಖದಿಂದಲೂ ಬಿಡಿಸಿ, ಗೋಡೆಯ ಮೇಲಿನ ಚಿತ್ರಪಟಕ್ಕೂ ವರ್ಷಾರಂಭದ ವಾಗ್ದಾನದ ಚೀಟಿಗೂ ಹೊಂದಿಸುವ ಅಭ್ಯಾಸ ಬೆಳೆದಾಗ, ಸಂತೈಕೆ ಸುಲಭವಾಗಿ ಶಕುನವಾಗಿ ಮಾರ್ಪಟ್ಟಿತು. ಯೆರೆಮೀಯನ ಇಪ್ಪತ್ತೊಂಬತ್ತನೆಯ ಅಧ್ಯಾಯವನ್ನೇ ನೋಡಿರಿ. ದೇವರ ಆಲೋಚನೆಗಳು ಹಾನಿಗಾಗಿ ಅಲ್ಲ, ಹಿತಕ್ಕಾಗಿ ಎಂಬ ಅಲ್ಲಿಯ ವಾಗ್ದಾನ ಕ್ರೈಸ್ತರ ಮನೆಗಳಲ್ಲಿ ಬಹುಜನಪ್ರಿಯವಾದುದು. ಆದರೆ ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಓಲೆಯೊಳಗಿನ ಮಾತು; ಎಪ್ಪತ್ತು ವರ್ಷ ತುಂಬಿದ ಮೇಲೆಯೇ ಬಿಡುಗಡೆಯೆಂದು ಅದೇ ಓಲೆ ಸ್ಪಷ್ಟವಾಗಿ ತಿಳಿಸುತ್ತದೆ. ಎಂದರೆ, ಅದನ್ನು ಮೊದಲು ಕೇಳಿಸಿಕೊಂಡ ಪ್ರಾಯಸ್ಥರಲ್ಲಿ ಬಹುಮಂದಿ ಪರದೇಶದಲ್ಲಿಯೇ ಮಣ್ಣಾಗತಕ್ಕವರು. ಅಂಥವರಿಗೆ ಪ್ರವಾದಿ ಕೊಟ್ಟ ಬುದ್ಧಿಯೇನು? ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳಿಗೆ ಮದುವೆ ಮಾಡಿರಿ, ನಿಮ್ಮನ್ನು ಸೆರೆಯೊಯ್ದ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂಬುದು. ತೋಟ ಮಾಡುವುದೆಂದರೆ ಏನೆಂಬುದು ಸೊರಬ ಶಿಕಾರಿಪುರಗಳ ಅಡಕೆ ಬೆಳೆಗಾರರಿಗೆ ಹೇಳಿ ತಿಳಿಸಬೇಕಾದುದಲ್ಲ. ಸಸಿ ನೆಟ್ಟವನು ಫಸಲನ್ನು ಕಾಣುವುದಕ್ಕೆ ವರ್ಷಗಟ್ಟಲೆ ಕಾಯಬೇಕು, ನೆಟ್ಟವನ ಶ್ರಮದ ಬಹುಭಾಗ ಮಕ್ಕಳ ಪಾಲು. ಓಲೆಯನ್ನು ಹೀಗೆ ಪೂರ್ತಿಯಾಗಿ ಓದಿದಾಗ ವಾಗ್ದಾನದ ತೂಕ ಕುಗ್ಗುವುದಿಲ್ಲ, ಹೆಚ್ಚುತ್ತದೆ; ನನ್ನ ಆಯುಷ್ಯದೊಳಗೆ ಈಡೇರದಿದ್ದರೂ ನಾನು ನಂಬಿ ಬಾಳತಕ್ಕ ಮಾತಾಗಿ ಅದು ಎದ್ದುನಿಲ್ಲುತ್ತದೆ.

ಎರಡನೆಯ ದೋಷ ಇನ್ನೂ ಗಂಭೀರವಾದುದು. ಜಾತಿಯಿಂದ ಹೊರಗಾದವರಿಗೆ ಜೀವನೋಪಾಯವನ್ನು ಕಲ್ಪಿಸುವುದಕ್ಕಾಗಿ ಬಾಸೆಲ್ ಮಿಶನ್ನಿನವರು ನೇಯ್ಗೆಯ ಕಾರ್ಖಾನೆಗಳನ್ನೂ, 1865ರಿಂದ ಹೆಂಚಿನ ಕಾರ್ಖಾನೆಗಳನ್ನೂ ನಡೆಸಿದರು. ಹಸಿದವನಿಗೆ ಉಪದೇಶಕ್ಕಿಂತ ಮೊದಲು ಉದ್ಯೋಗವನ್ನು ಕೊಟ್ಟ ಈ ಉಪಕ್ರಮ ಶ್ಲಾಘ್ಯವೇ. ಆದರೆ ಅದರ ಪರಿಣಾಮವಾಗಿ, ಬೋಧಿಸುವವನೂ ಕೂಲಿ ಕೊಡುವವನೂ ಸಭೆಯ ಶಿಸ್ತನ್ನು ಕಾಯುವವನೂ ಒಂದೇ ಸಂಸ್ಥೆಯಾಯಿತು. ತಾಳಿಕೊಳ್ಳಿರೆಂಬ ಅಪೊಸ್ತಲರ ಮಾತನ್ನು ಸೆರೆಮನೆಯಲ್ಲಿದ್ದ ಪೌಲನ ಬಾಯಿಂದ ಕೇಳುವುದು ಬೇರೆ, ಯಜಮಾನನ ಬಾಯಿಂದ ಕೇಳುವುದು ಬೇರೆ. ಮೊದಲನೆಯದು ಜೊತೆಗಾರನ ಧೈರ್ಯ. ಎರಡನೆಯದು, ಎಷ್ಟೇ ಸದುದ್ದೇಶದಿಂದ ಬಂದರೂ, ಅಧಿಕಾರದ ಆಜ್ಞೆಯಾಗಿ ಕಿವಿಗೆ ಬೀಳುತ್ತದೆ. 1914ರ ಮಹಾಯುದ್ಧ ಈ ಏರ್ಪಾಟನ್ನು ಒಮ್ಮೆಲೇ ಮುರಿಯಿತು: ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾದರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದುವು, ಸಭೆಗಳ ಹೊಣೆ ದೇಶೀಯ ಸಭಾಪಾಲಕರ, ಉಪದೇಶಿಗಳ, ಹಿರಿಯರ ಹೆಗಲ ಮೇಲೆ ಹಿಂದೆಂದಿಗಿಂತ ಹೆಚ್ಚಾಗಿ ಬಿದ್ದಿತು. ಇತಿಹಾಸಕಾರರು ಇದನ್ನು ಮಿಶನ್ನಿನ ವಿಪತ್ತೆಂದು ಗಣಿಸುವುದು ಸಹಜ. ಆದರೆ ಶಾಸ್ತ್ರಪಠನದ ದೃಷ್ಟಿಯಿಂದ ಇದು ಸಭೆ ಪ್ರಾಯಕ್ಕೆ ಬಂದ ಗಳಿಗೆ. ಪೋಷಕನಿಲ್ಲದೆ ಓದಿದಾಗಲೇ ಪುಸ್ತಕ ಓದುಗನ ಸ್ವಂತದ್ದಾಗುವುದು.

ಮೂರನೆಯ ಕೊರತೆ ಪ್ರಲಾಪದ್ದು. ಸತ್ಯವೇದದಲ್ಲಿ ದೇವರೊಡನೆ ವಾದಿಸುವ ಯೋಬನುಂಟು. ಪಾಳುಬಿದ್ದ ಯೆರೂಸಲೇಮಿನ ಬೀದಿಯಲ್ಲಿ ಕುಳಿತು ಅಳುವ ಒಂದಿಡೀ ಗ್ರಂಥವುಂಟು. ಕತ್ತಲೆಯ ಮಾತಿನೊಡನೆಯೇ ಮುಗಿದು, ಸಮಾಧಾನದ ಒಂದು ಪಂಕ್ತಿಯನ್ನೂ ಕೊನೆಗೆ ಸೇರಿಸದ ಎಂಬತ್ತೆಂಟನೆಯ ಕೀರ್ತನೆಯುಂಟು. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು ಹತ್ತು ಲಕ್ಷ ಜನ ಸತ್ತು, ವೆಸ್ಲಿಯನ್ ಮಿಶನ್ನಿನವರು ಅನಾಥಾಲಯಗಳನ್ನು ತೆರೆಯಬೇಕಾಗಿ ಬಂದಿತು. ಅಂಥ ಕಾಲದ ನೋವಿಗೆ ಬಾಯಾಗಬಲ್ಲ ಶಾಸ್ತ್ರಭಾಗಗಳು ಇವು. ಆದರೂ ಜರ್ಮನ್ ಮತ್ತು ಇಂಗ್ಲಿಷ್ ರಾಗಗಳಿಗೆ ಹೊಂದಿಸಿದ ನಮ್ಮ ಆರಾಧನೆಯ ಹಾಡುಗಳಲ್ಲಿ ಸ್ತುತಿಗೂ ಪಶ್ಚಾತ್ತಾಪಕ್ಕೂ ದೊರೆತ ಎಡೆ ಗೋಳಿಗೆ ದೊರೆಯಲಿಲ್ಲ. ಅಳು ಅವಿಶ್ವಾಸದ ಗುರುತೆಂಬ ಭಾವನೆ ಸಭೆಯೊಳಗೆ ಬೇರೂರಿತು. ಇದು ಶಾಸ್ತ್ರಕ್ಕೆ ವಿರುದ್ಧವಾದ ಶಾಸ್ತ್ರಭಕ್ತಿ. ಅಂಜೂರ ಚಿಗುರದೆ, ದ್ರಾಕ್ಷಿ ಫಲಿಸದೆ, ಹಟ್ಟಿಯಲ್ಲಿ ದನವಿಲ್ಲದೆ ಹೋದರೂ ದೇವರಲ್ಲಿ ಉಲ್ಲಾಸಪಡುವೆನೆಂದ ಹಬಕ್ಕೂಕನು, ಇನ್ನೆಷ್ಟು ಕಾಲವೆಂದು ದೇವರನ್ನು ಕೇಳುವುದರಿಂದಲೇ ತನ್ನ ಪುಸ್ತಕವನ್ನು ಆರಂಭಿಸುತ್ತಾನೆ. ಆ ಕೇಳಿಕೆಯನ್ನು ಕಳೆದರೆ ಈ ಉಲ್ಲಾಸವೂ ಟೊಳ್ಳಾಗುತ್ತದೆ.

ಈ ಕೊರತೆಗಳನ್ನು ತುಂಬುವ ದಾರಿಯೂ ಪರಂಪರೆಯೊಳಗಿನಿಂದಲೇ ಹುಟ್ಟಿತೆಂಬುದು ಅದರ ಜೀವಂತಿಕೆಗೆ ಸಾಕ್ಷಿ. ನೆರೆಯ ಧರ್ಮವನ್ನು ಖಂಡಿಸುವ ಕಿರುಹೊತ್ತಗೆಗಳನ್ನು ಬರೆದ ಮಿಶನ್ನಿನವರಲ್ಲಿಯೇ, ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚುಹಾಕಿಸಿದ ಹೆರ್ಮನ್ ಮೊಗ್ಲಿಂಗನಿದ್ದನು. ಕ್ರಿಸ್ತಚರಿತ್ರೆಯನ್ನು ದೇಶೀಯ ಛಂದಸ್ಸಿಗೆ ಇಳಿಸಿ 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದ ಫರ್ಡಿನಂಡ್ ಕಿಟೆಲನಿದ್ದನು. ಆದರೆ ನೆರೆಯವರ ನುಡಿಯನ್ನೂ ಭಕ್ತಿಯನ್ನೂ ಅರಿಯುವ ಆ ಪ್ರಯತ್ನವನ್ನು ಪಕ್ವತೆಗೆ ತಂದ ಶ್ರೇಯಸ್ಸು, 1881ರಲ್ಲಿ ಧಾರವಾಡದಲ್ಲಿ ಹುಟ್ಟಿ ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿ ದುಡಿದ ರೆವರೆಂಡ್ ಉತ್ತಂಗಿ ಚೆನ್ನಪ್ಪನವರಿಗೆ ಸಲ್ಲತಕ್ಕದ್ದು. ಊರೂರು ಅಲೆದು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಬೆಳಕಿಗೆ ತಂದ, ಶರಣರ ಅನುಭಾವವನ್ನು ತಮ್ಮ ವ್ಯಾಸಂಗದ ವಿಷಯವನ್ನಾಗಿ ಮಾಡಿಕೊಂಡ, 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿದ ಈ ಸಭಾಪಾಲಕರು, ಕ್ರಿಸ್ತನಲ್ಲಿ ಅಚಲರಾಗಿಯೇ ನೆರೆಯವರ ಭಕ್ತಿಯ ಮುಂದೆ ವಿನೀತರಾಗಬಹುದೆಂಬುದನ್ನು ಬಾಳಿ ತೋರಿಸಿದರು. ತಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಸಾತ್ವಿಕತ್ವದಿಂದಲೂ ಗೌರವದಿಂದಲೂ ಉತ್ತರ ಕೊಡಬೇಕೆಂಬ ಪೇತ್ರನ ಆದೇಶಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಭಾಷ್ಯವನ್ನು ನಾನು ಕಂಡಿಲ್ಲ.

ಜಡೆಯ ಸೀಮೆಯಲ್ಲಿ ಈ ಭಾಷ್ಯಕ್ಕೆ ವಿಶೇಷವಾದ ಅರ್ಥವುಂಟು. ಶರಣರ ಷಟ್‌ಸ್ಥಲ ಸಿದ್ಧಾಂತದಲ್ಲಿ ಭಕ್ತಸ್ಥಲದ ಶ್ರದ್ಧೆಯಾದ ಮೇಲೆ ಮಹೇಶಸ್ಥಲದ ನಿಷ್ಠೆ ಬರುತ್ತದೆ. ನಂಬುವುದು ಮೊದಲ ಮೆಟ್ಟಿಲು, ಪರೀಕ್ಷೆಗೊಳಗಾಗಿಯೂ ಕದಲದಿರುವುದು ಎರಡನೆಯದು. ಅರಸನ ಅರಮನೆಯನ್ನು ಬಿಟ್ಟು ನಡೆದ ಉಡುತಡಿಯ ಮಹಾದೇವಿಯ ಕಥೆಯನ್ನು ಕೇಳಿ ಬೆಳೆದವನಿಗೆ, ನೆಬೂಕದ್ನೆಚ್ಚರನ ಬಂಗಾರದ ವಿಗ್ರಹದ ಮುಂದೆ ಬಾಗದೆ ನಿಂತ ಮೂವರು ತರುಣರು ಅಪರಿಚಿತರಾಗಲಾರರು. ಇವೆರಡೂ ಒಂದೇ ಎಂದು ಬೆರಸಿಬಿಡುವುದು ಎರಡಕ್ಕೂ ಅಪಚಾರ. ಶರಣರ ನಿಷ್ಠೆಯ ಪಯಣ ಲಿಂಗಾಂಗಸಾಮರಸ್ಯದೆಡೆಗೆ, ಎಂದರೆ ಭಕ್ತನು ಲಿಂಗದೊಡನೆ ಒಂದಾಗುವೆಡೆಗೆ; ಸತ್ಯವೇದದ ನಿಷ್ಠೆಯ ಮೂಲವಾದರೋ ಮನುಷ್ಯನ ದೃಢತೆಯಲ್ಲಿಲ್ಲ, ಒಡಂಬಡಿಕೆಯನ್ನು ಮುರಿಯದ ದೇವರ ದೃಢತೆಯಲ್ಲಿದೆ; ಮೂರು ಸಲ ಅಲ್ಲಗಳೆದ ಪೇತ್ರನೇ ಮುಂದೆ ಇತರರನ್ನು ದೃಢಪಡಿಸುವವನಾಗುವುದು ಅದರಿಂದಲೇ. ಆದರೂ ನೆರೆಯವನ ನಿಷ್ಠೆಯನ್ನು ಗುರುತಿಸಲಾರದವನು ತನ್ನ ನಿಷ್ಠೆಯನ್ನು ನೆರೆಯವನಿಗೆ ತಿಳಿಯುವಂತೆ ಬಾಳಲಾರನು.

ಆ ಮೂವರು ತರುಣರ ಉತ್ತರದಲ್ಲಿಯೇ ಈ ಪರಾಮರ್ಶೆಯ ಒರೆಗಲ್ಲಿದೆ. ತಮ್ಮ ದೇವರು ಉರಿಯಿಂದ ಬಿಡಿಸಬಲ್ಲನೆಂದು ಅವರು ನಂಬಿದರು. ಒಂದು ವೇಳೆ ಬಿಡಿಸದೆ ಹೋದರೂ ಬಾಗುವುದಿಲ್ಲವೆಂದರು. ಬಿಡಿಸಬಲ್ಲನೆಂಬ ಮೊದಲ ಮಾತನ್ನು ಮಾತ್ರ ಬೋಧಿಸುವ ಸಭೆ, ಬಿಡುಗಡೆ ತಡವಾದ ದಿನ ತನ್ನ ಜನರನ್ನು ಬರಿಗೈಯಲ್ಲಿ ನಿಲ್ಲಿಸುತ್ತದೆ. ಬಿಡಿಸದಿದ್ದರೂ ಎಂಬ ಎರಡನೆಯ ಮಾತನ್ನೂ ಕಲಿಸಿದ ಸಭೆಯ ಜನರನ್ನು ಸೋಲಿಸುವುದು ಸುಲಭವಲ್ಲ. ಇಂದಿನ ಕನ್ನಡ ಸಭೆಗಳ ಸಂಕಟಗಳು ಬಹುಮುಖವಾದುವು: ಹೊರಗಿನವರ ಸಂಶಯವುಂಟು, ಒಳಗಿನ ಆಸ್ತಿವ್ಯಾಜ್ಯಗಳುಂಟು, ದುಡಿಮೆಗಾಗಿ ಊರು ಬಿಟ್ಟ ಮಕ್ಕಳುಂಟು, ಅಭಿವೃದ್ಧಿಯನ್ನೇ ಆಶೀರ್ವಾದವೆಂದು ಸಾರುವ ಹೊಸ ಬೋಧನೆಯ ಆಕರ್ಷಣೆಯುಂಟು. ಇವಕ್ಕೆಲ್ಲ ಬೇಕಾದುದು ಇನ್ನಷ್ಟು ಬಿಡಿವಚನಗಳಲ್ಲ. ಪ್ರಲಾಪಗಳನ್ನು ಆರಾಧನೆಯಲ್ಲಿ ಗಟ್ಟಿಯಾಗಿ ಓದುವ, ಯೆರೆಮೀಯನ ಓಲೆಯನ್ನು ಮೊದಲಿನಿಂದ ಕೊನೆಯವರೆಗೆ ವ್ಯಾಖ್ಯಾನಿಸುವ, ತಾಳ್ಮೆಯ ಬೋಧೆಯನ್ನು ಅಧಿಕಾರದಲ್ಲಿದ್ದವರಿಗಿಂತ ಮೊದಲು ನೊಂದವರ ಬಾಯಿಂದ ಕೇಳುವ, ತಾನು ವಾಸಿಸುವ ಊರಿನ ಕ್ಷೇಮವನ್ನು ತನ್ನ ಕ್ಷೇಮದೊಳಗೆ ಎಣಿಸುವ ಪಠನ ಬೇಕಾಗಿದೆ. ಅದಕ್ಕೆ ಬೇಕಾದ ಭಾಷೆಯನ್ನು ಹ್ಯಾಂಡ್ಸ್ ಮೊದಲಾದವರೂ, ಬೇಕಾದ ಮನೋಧರ್ಮವನ್ನು ಉತ್ತಂಗಿಯವರೂ ನಮಗೆ ಕೊಟ್ಟುಹೋಗಿದ್ದಾರೆ; ಓದುವ ಹೊಣೆ ನಮ್ಮದು.