ಗಾನಮುದ್ರಿಕೆಗಳ ಪಾಠಶೋಧನೆ

ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನರು 1937ರಲ್ಲಿ ನಿಧನ ಹೊಂದಿದರು. ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುಗಳಾಗಿದ್ದ ಅವರ ಗಾಯನಕ್ಕೆ ಇಂದು ಉಳಿದಿರುವ ಮುಖ್ಯ ಸಾಕ್ಷ್ಯವೆಂದರೆ ಮೂರು ಮೂರೂವರೆ ನಿಮಿಷ ನುಡಿಯುವ ಅರಗಿನ ತಟ್ಟೆಗಳು. ಬಾಲಕ ಭೀಮಸೇನ ಜೋಶಿಯವರು ಖಾನರ ಮುದ್ರಿಕೆಯೊಂದನ್ನು ಕೇಳಿ, ಮನೆ ಬಿಟ್ಟು ಗುರುವನ್ನರಸಿ ಹೊರಟದ್ದು ಪ್ರಸಿದ್ಧ ಸಂಗತಿ. ಅಂಥ ತಟ್ಟೆಗಳು ಈಗ ‘ಶುದ್ಧೀಕೃತ’ ರೂಪದಲ್ಲಿ ರಸಿಕರಿಗೆ ದೊರೆಯುತ್ತಿವೆ. ಈ ಶುದ್ಧಿ ಎಲ್ಲಿಯವರೆಗೆ ಶುದ್ಧಿ, ಎಲ್ಲಿಂದಾಚೆಗೆ ಪ್ರಕ್ಷೇಪ ಎಂಬುದು ವಿಚಾರಣೀಯ.

ತಟ್ಟೆಯ ದೋಷಗಳೆಲ್ಲ ಒಂದೇ ಬಗೆಯವಲ್ಲ. ಅರಗಿನೊಡನೆ ಕಲ್ಲಿನ ಪುಡಿ ಬೆರೆಸಿ ಒತ್ತಿದ ಮೈ ಸ್ವಭಾವತಃ ಒರಟು. ಅದರಿಂದ ಏಳುವುದು ಎಡೆಬಿಡದ ಮೊರೆತ. ಧೂಳು ಸವೆತಗಳಿಂದ ಹುಟ್ಟುವುದು ಒಗ್ಗರಣೆ ಸಿಡಿದಂಥ ಚಟಪಟ. ಅಡ್ಡಲಾಗಿ ಗೀರು ಬಿದ್ದಿದ್ದರೆ ‘ಟಿಕ್’ ಎಂಬ ಸದ್ದು ಸುತ್ತಿಗೊಮ್ಮೆ, ಎಂದರೆ ನಿಮಿಷಕ್ಕೆ 78 ಸಲ, ಹಾಡಿನ ಲಯಕ್ಕೆ ಸಂಬಂಧವೇ ಇಲ್ಲದಂತೆ ಮರುಕಳಿಸುತ್ತದೆ.

ಟಿಕ್ಕನ್ನು ತೆಗೆಯುವ ಕ್ರಮ ಹೀಗೆ. ಧ್ವನಿಯನ್ನು ಸೆಕೆಂಡಿಗೆ 44,100 ಅಂಕಿಗಳಂತೆ ಬರೆದುಕೊಂಡ ಮೇಲೆ, ಗಣಕಯಂತ್ರವು ಹಿಂದಿನ ಅಂಕಿಗಳಿಂದ ಮುಂದಿನದನ್ನು ಊಹಿಸುತ್ತ ಸಾಗುತ್ತದೆ. ಊಹೆಗೂ ವಾಸ್ತವಕ್ಕೂ ಥಟ್ಟನೆ ಅಂತರ ಬಿದ್ದೆಡೆಯನ್ನು ದೋಷವೆಂದು ಬಗೆದು, ಅಷ್ಟನ್ನು ಕಿತ್ತು, ಎರಡು ಅಂಚುಗಳ ಆಧಾರದಿಂದ ಹೊಸ ಅಂಕಿಗಳನ್ನು ತುಂಬುತ್ತದೆ. ಗಾಡ್ಸಿಲ್ ಮತ್ತು ರೇನರ್ ಎಂಬ ಕೇಂಬ್ರಿಜ್ ವಿದ್ವಾಂಸರ 1998ರ ಗ್ರಂಥದಲ್ಲಿ ಈ ಗಣಿತವು ವಿಸ್ತಾರವಾಗಿ ನಿರೂಪಿತವಾಗಿದೆ. ಒಂದು ಮಿಲಿಸೆಕೆಂಡಿನ ಟಿಕ್ಕಿಗೆ ಹೊಸದಾಗಿ ಬರೆಯಬೇಕಾದುದು ಸುಮಾರು 44 ಅಂಕಿಗಳು. ಅಷ್ಟು ಸಣ್ಣ ತೇಪೆ ಸಾಮಾನ್ಯವಾಗಿ ಕಿವಿಗೆ ತಿಳಿಯದು.

ಓಲೆಗರಿಯಲ್ಲಿ ಹುಳು ತಿಂದೆಡೆ ಛಂದಸ್ಸು ಸಂದರ್ಭಗಳ ಬಲದಿಂದ ಒಂದೆರಡು ಅಕ್ಷರಗಳನ್ನು ತುಂಬುವ ಸಂಪಾದಕನ ಕಾರ್ಯವೂ ಇದೇ ತೆರನದು. ಆದರೆ ಬಲ್ಲ ಸಂಪಾದಕನು ತನ್ನ ಊಹಾಪಾಠವನ್ನು ಕಂಸದಲ್ಲಿಡುತ್ತಾನೆ. ಶುದ್ಧೀಕೃತ ಮುದ್ರಿಕೆಯಲ್ಲಿ ಕಂಸವಿಲ್ಲ.

ಅಪಾಯವಿರುವುದು ಇನ್ನೂ ಆಳದಲ್ಲಿ. ಯಂತ್ರದ ಪಾಲಿಗೆ ಅನಿರೀಕ್ಷಿತವಾದುದೆಲ್ಲವೂ ದೋಷ. ತಬಲದ ಅಂಚಿನ ಮೇಲೆ ಬೆರಳು ಬಿದ್ದ ಮೊದಲ ಕ್ಷಣ, ಸಾಹಿತ್ಯದ ಕಕಾರ ತಕಾರಗಳ ಸ್ಫೋಟ, ಇವೂ ಅನಿರೀಕ್ಷಿತಗಳೇ. ಶೋಧನೆಯ ಕಟ್ಟುನಿಟ್ಟು ಮಿತಿಮೀರಿದರೆ ಟಿಕ್ಕಿನೊಡನೆ ಇವೂ ಮೊಂಡಾಗುತ್ತವೆ. ಗಾಯಕನು ಬಾಯಲ್ಲಿ ಹತ್ತಿ ಇಟ್ಟುಕೊಂಡು ಹಾಡಿದಂತಾಗುತ್ತದೆ. ಮೊರೆತವನ್ನು ಅಡಗಿಸುವ ಕ್ರಮದಲ್ಲಿ ತಪ್ಪು ಇದಕ್ಕೆ ವಿಪರೀತವಾದುದು: ಅಲ್ಲಿ ಎಡೆಬಿಡದೆ ಇರುವುದೇ ಅಪರಾಧ. ಹಾಡು ಮೊದಲಾಗುವ ಮುನ್ನಿನ ತುಣುಕನ್ನು ಮೊರೆತದ ಮಾದರಿಯೆಂದು ಯಂತ್ರಕ್ಕೆ ಕೊಟ್ಟು, ಆ ತುಣುಕಿನಲ್ಲಿ ತಂಬೂರಿಯೂ ಮಿಡಿಯುತ್ತಿದ್ದರೆ, ಅದರ ಜವಾರಿಯೂ ಮೊರೆತದೊಡನೆ ಹೊರಬೀಳುತ್ತದೆ. ಸ್ವರವೊಂದನ್ನು ತಂಬೂರಿಯಲ್ಲಿ ಕರಗುವಂತೆ ನಿಲ್ಲಿಸುವುದೇ ಕಿರಾಣಾ ಗಾಯನದ ಜೀವ. ತಂಬೂರಿಯನ್ನು ಕಳೆದುಕೊಂಡ ಖಾನರ ಷಡ್ಜವು ಎಷ್ಟೇ ನುಣುಪಾಗಿ ಕೇಳಿಸಲಿ, ಅದು ಅವರ ಷಡ್ಜವಲ್ಲ.

ಹಾಗೆಂದು ಗೀರಿನ ಸದ್ದನ್ನು ಪುರಾತನತೆಯ ಮುದ್ರೆಯೆಂದು ಮುದ್ದಿಸುವವರ ಪಕ್ಷವೂ ಸಾಧುವಲ್ಲ. ಟಿಕ್ಕನ್ನು ಖಾನರು ಹಾಡಲಿಲ್ಲ, ಅದು ಹೋಗತಕ್ಕದ್ದೇ. ಚಟಪಟವನ್ನು ತಗ್ಗಿಸಬಹುದು, ನಿರ್ಮೂಲಗೊಳಿಸಬಾರದು. ಮೊರೆತವನ್ನು ಬಹುಮಟ್ಟಿಗೆ ಇದ್ದಂತೆಯೇ ಬಿಡುವುದು ಲೇಸು. ಕಿವಿ ಕೆಲವೇ ಕ್ಷಣಗಳಲ್ಲಿ ಅದನ್ನು ಬದಿಗೆ ಸರಿಸುತ್ತದೆ. ಅಂತರರಾಷ್ಟ್ರೀಯ ಧ್ವನಿಸಂಗ್ರಹಾಲಯ ಸಂಘದ ಮಾರ್ಗಸೂಚಿಯೂ ಮೊದಲ ಪ್ರತಿಯನ್ನು ಯಾವ ಶೋಧನೆಯೂ ಇಲ್ಲದೆ ಕಾಯ್ದಿಡಬೇಕೆನ್ನುತ್ತದೆ. ಲೆಕ್ಕದ ಪುಸ್ತಕದಲ್ಲಿ ತಪ್ಪಂಕಿಯನ್ನು ಕೆರೆದು ಅಳಿಸುವ ಪದ್ಧತಿಯಿಲ್ಲ; ಗೆರೆ ಎಳೆದು ರುಜು ಹಾಕುವರು, ಕೆಳಗಿನ ಅಂಕಿ ಓದಲು ಬರುವಂತಿರುತ್ತದೆ. ತಟ್ಟೆಗಳು ಒಡೆದು, ಶುದ್ಧೀಕೃತ ಪ್ರತಿಯೊಂದೇ ಉಳಿದರೆ ಮುಂದಿನ ಸಂಶೋಧಕನಿಗೆ ಕೆಳಗಿನ ಅಂಕಿಯೇ ಇಲ್ಲವಾಗುತ್ತದೆ.

ಮೂಲಪ್ರತಿ ಕೈಯಲ್ಲಿದ್ದರೆ ಪರೀಕ್ಷೆ ಸುಲಭ. ಮೂಲದಿಂದ ಶುದ್ಧೀಕೃತವನ್ನು ಅಂಕಿಗೆ ಅಂಕಿಯಾಗಿ ಕಳೆದು, ಉಳಿದ ಶೇಷವನ್ನು ಮಾತ್ರ ಆಲಿಸಬೇಕು. ಅದರಲ್ಲಿ ಬರಿಯ ಟಿಕ್ಕು ಚಟಪಟಗಳಿದ್ದರೆ ಶೋಧಕನು ಹದವರಿತವನು. ತಬಲದ ಠೇಕಾ ಮಂದವಾಗಿಯಾದರೂ ಕೇಳಿಬಂದರೆ, ಅಷ್ಟು ಸಂಗೀತವು ಕಸದೊಡನೆ ಹೊರಹೋಗಿದೆ.