ಬಿಡುಗಡೆಯೋ ಉತ್ಪಾದನೆಯೋ?

ರಕ್ತನಾಳದ ಒಳಪೊರೆಯು ನೈಟ್ರಿಕ್ ಆಕ್ಸೈಡ್ ಅನಿಲವನ್ನು ಎಡೆಬಿಡದೆ ಸೂಸುತ್ತ, ಪ್ಲೇಟ್‌ಲೆಟ್ ಕಣಗಳು ತನಗೆ ಅಂಟದಂತೆ ಕಾಯುವುದು. ಪ್ಲಾಸ್ಟಿಕ್ ಕೊಳವೆಗೆ ಈ ಗುಣವಿಲ್ಲ. ಅದರೊಳಗೆ ರಕ್ತವು ಹೆಪ್ಪುಗಟ್ಟುವುದು. ಈ ಕೊರತೆಯನ್ನು ನೀಗಲೆಳಸಿದ ಲೇಖನಗಳಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಓ, ಮೇಯರ್‌ಹಾಫ್ ಎಂಬಿಬ್ಬರು 2003ರಲ್ಲಿ ಪ್ರಕಟಿಸಿದುದು ಗಮನಾರ್ಹವಾದುದು. ಅನಿಲದಾಯಕ ದ್ರವ್ಯವನ್ನು ಪಾಲಿಮರಿನಲ್ಲಿ ತುಂಬಿಡುವುದು ಹಿಂದಿನ ಪದ್ಧತಿ. ಕಣಜ ಬರಿದಾದೊಡನೆ ಕೆಲಸವೂ ನಿಲ್ಲುವುದು. ಇವರಾದರೋ ತಾಮ್ರದ ಸಂಯುಕ್ತವೊಂದನ್ನು ಪಾಲಿಮರಿನ ಪೊರೆಯಲ್ಲಿರಿಸಿ, ರಕ್ತದಲ್ಲಿ ಸಹಜವಾಗಿರುವ ನೈಟ್ರೋಸೋಥಯಾಲುಗಳ ಜಾತಿಯ ವಸ್ತುಗಳಿಂದಲೇ ಅನಿಲವನ್ನು ಪಡೆಯಬಹುದೆಂದು ತೋರಿಸಿದರು. ಮೊದಲನೆಯದು ಬಿಡುಗಡೆ, ಎರಡನೆಯದು ಉತ್ಪಾದನೆ. (ಕನ್ನಡದಲ್ಲಿ ಎರಡನ್ನೂ ‘ಹೊರಸೂಸು’ ಎಂದರೆ ಶಾಸ್ತ್ರವೇ ಕೆಡುವುದು.)

ಆದರೆ ಇಂತಹ ಪಾಲಿಮರುಗಳಿಗೆ ಸಲ್ಲುತ್ತಿರುವ ‘ಒಳಪೊರೆಯ ಅನುಕರಣ’ವೆಂಬ ಬಿರುದು ಅತಿಯಾದುದು. ಒಳಪೊರೆಯು ಆರ್ಜಿನೀನಿನಿಂದ ಅನಿಲವನ್ನು ತಾನೇ ತಯಾರಿಸುವುದು, ರಕ್ತದ ಹರಿವನ್ನರಿತು ಹೆಚ್ಚಿಸುವುದು. ಪ್ರೊಸ್ಟಸೈಕ್ಲಿನ್ ಮೊದಲಾದುವೂ ಅದರ ನೆರವಿಗುಂಟು. ತಾಮ್ರವು ರಕ್ತದಲ್ಲಿ ಎಷ್ಟಿದೆಯೋ ಅಷ್ಟನ್ನೇ ನೆಚ್ಚಬೇಕು. ಆ ಪ್ರಮಾಣವನ್ನು ಅಳೆದವರ ಲೆಕ್ಕಗಳಾದರೋ ನ್ಯಾನೋಮೋಲಾರಿನಿಂದ ಮೈಕ್ರೋಮೋಲಾರಿನವರೆಗೆ ಚದುರಿವೆ. ತಾಮ್ರವೇ ಸೋರಿದರೆ ಊತಕಕ್ಕೆ ವಿಷ. ಅಲ್ಲದೆ ಪ್ಲೇಟ್‌ಲೆಟ್ಟುಗಳನ್ನು ತಡೆಯುವುದು ಬೇರೆ, ಫೈಬ್ರಿನ್ನಿನ ಬಲೆಯನ್ನು ತಡೆಯುವುದು ಬೇರೆ. ಅನಿಲದ ನೇರವಾದ ಅಧಿಕಾರ ಮೊದಲನೆಯದರ ಮೇಲೆ ಮಾತ್ರ.