ಏಳು ತಂತಿಯ ತಕರಾರು

ಸಂಗೀತದ ಬಗ್ಗೆ ಹರಟುವಾಗ ನಮ್ಮಲ್ಲಿ ಒಂದು ಮಾತು ಬಹಳ ಸಲೀಸಾಗಿ ಬಂದುಬಿಡುತ್ತದೆ: ‘ವಿದ್ವತ್ತಿನ ಬಗ್ಗೆ ಎರಡು ಮಾತಿಲ್ಲ, ಆದರೆ ಆ ನಾದ ಯಾಕೋ ಹಿಡಿಸೋದಿಲ್ಲ.’ ಗಾಯಕರ ವಿಷಯದಲ್ಲಾದರೆ ಇದಕ್ಕೆ ಸಿದ್ಧವಾದ ಪದವೇ ಇದೆ, ಶಾರೀರ. ಶಾರೀರ ಹುಟ್ಟಿನಿಂದ ಬಂದದ್ದು, ಅದಕ್ಕೆ ಪಾಪ ಅವರೇನು ಮಾಡಿಯಾರು ಎಂದು ಕ್ಷಮಿಸಿ ಕೇಳುತ್ತೇವೆ. ವಾದ್ಯಗಾರರಿಗೆ ಈ ರಿಯಾಯಿತಿ ಇಲ್ಲ. ತಂತಿ ಯಾವುದು, ಕಮಾನಿನ ಒತ್ತಡ ಎಷ್ಟು, ಮೈಕು ಎಲ್ಲಿ ಎಂಬುದೆಲ್ಲ ಅವರೇ ಆರಿಸಿಕೊಂಡದ್ದು. ಹಾಗಾಗಿ ನಾದ ಹಿಡಿಸಲಿಲ್ಲ ಎಂದರೆ ನಾವು ಅವರ ದೇಹದ ಮೇಲಲ್ಲ, ಅವರ ತೀರ್ಮಾನದ ಮೇಲೆ ತಕರಾರು ಎತ್ತುತ್ತಿದ್ದೇವೆ. ಆ ತಕರಾರನ್ನು ‘ಅಭಿರುಚಿ’ ಎಂದು ಬದಿಗಿಡದೆ ವಿಮರ್ಶೆಯಾಗಿ ಬೆಳೆಸಲು ಸಾಧ್ಯವೇ ಎನ್ನುವುದು ನನ್ನ ಪ್ರಶ್ನೆ.

ಇದಕ್ಕೆ ಪಿಟೀಲು ಚೌಡಯ್ಯನವರಿಗಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿಲ್ಲ. ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿ, ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಬಳಿ ಕಲಿತು, 1957ರಲ್ಲಿ ಸಂಗೀತ ಕಲಾನಿಧಿಯಾದವರು. ಮಲ್ಲೇಶ್ವರದ ಅಂಚಿನಲ್ಲಿ ಅವರ ಹೆಸರಿನ ಸಭಾಂಗಣ ಪಿಟೀಲಿನ ಆಕಾರದಲ್ಲೇ ನಿಂತಿದೆ. ಆ ಕಟ್ಟಡವನ್ನು ಬಸ್ಸಿನಿಂದ ನೋಡಿದವರ ಸಂಖ್ಯೆಗೆ ಹೋಲಿಸಿದರೆ ಅವರ ಪಿಟೀಲನ್ನು ಪೂರ್ತಿ ಕೇಳಿದವರ ಸಂಖ್ಯೆ ಎಷ್ಟಿರಬಹುದೋ! ಕೇಳಿದವರಲ್ಲೂ ಅನೇಕರು ಲಯ, ಮನೋಧರ್ಮ, ಪಕ್ಕವಾದ್ಯದ ಜಾಣ್ಮೆ ಎಲ್ಲವನ್ನೂ ಒಪ್ಪಿ, ಕೊನೆಗೆ ‘ಆದರೆ ಆ ಗರಗರ...’ ಎಂದು ನಿಲ್ಲಿಸುತ್ತಾರೆ. ದ್ವಾರಂ ವೆಂಕಟಸ್ವಾಮಿ ನಾಯ್ಡು ಮತ್ತು ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆಯವರ ಜೊತೆ ಸೇರಿಸಿ ಚೌಡಯ್ಯನವರನ್ನು ಪಿಟೀಲಿನ ತ್ರಿಮೂರ್ತಿಗಳಲ್ಲಿ ಒಬ್ಬರೆನ್ನುವುದು ವಾಡಿಕೆ. ಹಂಚಿಕೆ ಮಾತ್ರ ಪ್ರತಿ ಸಲವೂ ಒಂದೇ: ದ್ವಾರಂಗೆ ಮಾಧುರ್ಯ, ಚೌಡಯ್ಯನವರಿಗೆ ಗಾತ್ರ.

ಗಾತ್ರ ಎಲ್ಲಿಂದ ಬಂತು? 1927ರ ಸುಮಾರಿಗೆ ಅವರು ಪಿಟೀಲಿನ ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿದರು. ಮೈಕು ಇಲ್ಲದ ಚಪ್ಪರ, ಸಾವಿರಾರು ಜನ, ಪಕ್ಕದಲ್ಲಿ ಚೆಂಬೈ ವೈದ್ಯನಾಥ ಭಾಗವತರಂಥ ಕಂಚಿನ ಕಂಠ. ನಾಲ್ಕು ತಂತಿಯ ಪಿಟೀಲು ಮೂರನೇ ಸಾಲಿನ ಆಚೆಗೆ ಕೇಳಿಸುವುದೇ ಕಷ್ಟ. ಜೊತೆತಂತಿ ಹಾಕಿದರೆ ಒಂದೇ ಕಮಾನಿಗೆ ಎರಡು ತಂತಿ ಮಿಡಿಯುತ್ತವೆ, ನಾದ ದಪ್ಪವಾಗುತ್ತದೆ.

ದಪ್ಪವಾಗುವುದರ ಬೆಲೆ ಏನು ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಎರಡು ತಂತಿಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಒಂದು ಸೆಕೆಂಡಿಗೆ 440 ಸಲ, ಇನ್ನೊಂದು 443 ಸಲ ಕಂಪಿಸಿದರೆ ನಮ್ಮ ಕಿವಿಗೆ ಸೆಕೆಂಡಿಗೆ ಮೂರು ಸಲ ನಾದ ಉಬ್ಬಿ ಇಳಿದಂತೆ ಕೇಳುತ್ತದೆ. ಹನ್ನೆರಡು ತಂತಿಯ ಗಿಟಾರಿನ ಮಿನುಗು ಹುಟ್ಟುವುದೂ ಹೀಗೆಯೇ. ಬರ್ಡ್ಸ್ ತಂಡದ ರಾಜರ್ ಮೆಗ್ವಿನ್ ಅರವತ್ತರ ದಶಕದಲ್ಲಿ ಆ ಮಿನುಗಿನ ಮೇಲೆಯೇ ಹೆಸರು ಮಾಡಿದರು. ಆದರೆ ಗಿಟಾರಿಗೆ ಮೆಟ್ಟಿಲುಗಳಿವೆ. ಬೆರಳು ಒತ್ತಿದರೆ ಎರಡೂ ತಂತಿ ಒಂದೇ ಲೋಹದ ಗೆರೆಯ ಮೇಲೆ ಕೂರುತ್ತವೆ, ವ್ಯತ್ಯಾಸ ಹೆಚ್ಚುಕಡಿಮೆ ಸ್ಥಿರ. ಪಿಟೀಲಿಗೆ ಮೆಟ್ಟಿಲಿಲ್ಲ. ಒಂದೇ ಬೆರಳ ತುದಿ ಎರಡು ತಂತಿಗಳನ್ನು ಒತ್ತಿಕೊಂಡು ಜಾರಬೇಕು, ಕರ್ನಾಟಕ ಸಂಗೀತದಲ್ಲಂತೂ ಜಾರುವುದೇ ಕೆಲಸ. ತೋಡಿಯ ಗಾಂಧಾರ ಅಲ್ಲಾಡುವಾಗ ಬೆರಳು ಎಳ್ಳಷ್ಟು ಓರೆಯಾದರೂ ಎರಡು ತಂತಿ ಎರಡು ದಾರಿ ಹಿಡಿಯುತ್ತವೆ. ಮಿನುಗು ಒರಟಾಗುತ್ತದೆ. ಜೊತೆಗೆ ಎರಡನ್ನೂ ಒಟ್ಟಿಗೆ ಹಿಡಿಯಲು ಕಮಾನನ್ನು ಹೆಚ್ಚು ಒತ್ತಬೇಕು, ಕುದುರೆಕೂದಲು ತಂತಿಗೆ ಉಜ್ಜುವ ಸದ್ದೂ ಮೇಲೆ ಬರುತ್ತದೆ. ಕೇಳುಗರು ‘ಗರಗರ’ ಎನ್ನುವುದು ಮುನಿಸಿನ ಮಾತಲ್ಲ, ಅವರ ಕಿವಿ ಸರಿಯಾಗಿಯೇ ಕೆಲಸ ಮಾಡುತ್ತಿದೆ.

ಚೌಡಯ್ಯನವರ ಅಭಿಮಾನಿಗಳು ಇದಕ್ಕೆ ಕೊಡುವ ಸಮಜಾಯಿಷಿ, ‘ಆಗ ಮೈಕಿರಲಿಲ್ಲವಲ್ಲ.’ ಅರ್ಧ ನಿಜ. ಚಪ್ಪರದ ಕೊನೆಯ ಸಾಲಿಗಾಗಿ ಕಟ್ಟಿದ ನಾದವನ್ನು ನಾವು ಇಯರ್‌ಫೋನಿನಲ್ಲಿ, ಕಿವಿಗೆ ಒಂದಂಗುಲ ದೂರದಲ್ಲಿ, ಹಳೆಯ ಧ್ವನಿಮುದ್ರಣದ ಕೊರಕೊರದ ಜೊತೆ ಕೇಳುತ್ತೇವೆ. ನಾಟಕದ ಬಣ್ಣವನ್ನು ಹಗಲು ಹೊತ್ತಿನಲ್ಲಿ ಹತ್ತಿರ ನಿಂತು ನೋಡಿದ ಹಾಗೆ. ಆದರೆ ಈ ವಾದ ಅವರನ್ನು ಕಾಪಾಡಲು ಹೋಗಿ ಚಿಕ್ಕವರನ್ನಾಗಿ ಮಾಡುತ್ತದೆ ಎನ್ನುವುದು ನನ್ನ ಅನುಮಾನ. ಅವರು ತೀರಿಕೊಂಡದ್ದು 1967ರಲ್ಲಿ. ಅಷ್ಟರಲ್ಲಿ ಮೈಕು ಬಂದು ವರ್ಷಗಳೇ ಆಗಿದ್ದವು, ಬೇಕಿದ್ದರೆ ನಾಲ್ಕಕ್ಕೆ ಮರಳಬಹುದಿತ್ತು. ಮರಳಲಿಲ್ಲ. ಅವರ ಶಿಷ್ಯರಾಗಿ ಬೆಂಗಳೂರಿನಲ್ಲಿ ನೆಲೆಸಿದ್ದ ಆರ್.ಆರ್. ಕೇಶವಮೂರ್ತಿಯವರು ಮೈಕಿನ ಯುಗದಲ್ಲೂ ಏಳು ತಂತಿಯನ್ನೇ ನುಡಿಸಿದರು. ಆರಂಭದಲ್ಲಿ ಅನಿವಾರ್ಯವಾಗಿದ್ದದ್ದು ಎಲ್ಲೋ ಒಂದು ಕಡೆ ಇಷ್ಟವಾಗಿ ಮಾರ್ಪಟ್ಟಿದೆ. ಹಾಗಿದ್ದ ಮೇಲೆ ಅದನ್ನು ಕಾಲದ ಮಿತಿ ಎಂದು ಮಾಫಿ ಮಾಡುವುದು ತಪ್ಪು. ಅದು ಬೇಕೆಂದೇ ಕಟ್ಟಿದ ನಾದ, ಒಪ್ಪಿದರೂ ತಿರಸ್ಕರಿಸಿದರೂ ಆ ಮಟ್ಟದಲ್ಲೇ ಎದುರಾಗಬೇಕು.

ರಾಕ್ ಗಿಟಾರ್ ಕೇಳುವ ಗೆಳೆಯರು ಈ ವಿಷಯದಲ್ಲಿ ನಮಗಿಂತ ನಿರ್ಭಿಡೆಯವರು. ಸ್ಟೀವ್ ವಾಯ್ ಎಷ್ಟು ವೇಗದ ಕೈಯಾದರೂ ಆ ಸದ್ದು ಪ್ಲಾಸ್ಟಿಕ್ಕು ಎಂದು ಒಬ್ಬ ಮುಖ ಸಿಂಡರಿಸುತ್ತಾನೆ, ಇನ್ನೊಬ್ಬ ಅದಕ್ಕಾಗಿಯೇ ಕೇಳುತ್ತಾನೆ. ಕ್ವೀನ್ ತಂಡದ ಬ್ರಯಾನ್ ಮೇ ಪ್ಲಾಸ್ಟಿಕ್ ಪಿಕ್ಕಿನ ಬದಲು ಹಳೆಯ ಆರು ಪೆನ್ಸ್ ನಾಣ್ಯದಿಂದ ತಂತಿ ಮೀಟುತ್ತಾರೆ. ನಾಣ್ಯದ ಗರಗಸದಂಥ ಅಂಚು ತಂತಿಗೆ ತಾಗಿ ಪ್ರತಿ ಸ್ವರದ ಬಾಯಲ್ಲೂ ಒಂದು ಸಣ್ಣ ಕೆರೆತ ಇರುತ್ತದೆ. ಆ ಕೆರೆತವನ್ನು ಯಾರೂ ಅವರ ಬಡತನದ ಲೆಕ್ಕಕ್ಕೆ ಹಾಕುವುದಿಲ್ಲ. ಅವರಿಗದು ಬೇಕಿತ್ತು, ಹಾಕಿಕೊಂಡರು, ಅಷ್ಟೆ. ಬಸವನಗುಡಿಯ ರಸಿಕರು ಚೌಡಯ್ಯನವರಿಗೆ ಇಷ್ಟಾದರೂ ಕೊಡಬಹುದಲ್ಲ.

ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನಿನ ಕಥೆ ಬೇರೆ ಥರದ್ದು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮ್ಸ್ ವೇದಿಕೆ ಏರಿದವರು, ಆ ವಾದ್ಯದಲ್ಲಿ ಗಮಕ ಹೊರಡಿಸಿದ್ದೇ ಪವಾಡ. ಆದರೂ ‘ಬ್ಯಾಂಡ್ ಸೆಟ್ಟಿನ ಹಾಗೆ ಕೇಳುತ್ತೆ’ ಎನ್ನುವವರು ಈ ಊರಿನಲ್ಲಿ ಈಗಲೂ ಸಿಗುತ್ತಾರೆ. ಅವರಿಗೆ ಒಂದು ವಿಷಯ ಮರೆತಿರುತ್ತದೆ: ಗೋಪಾಲನಾಥರ ತಂದೆ ನಾಗಸ್ವರದವರು. ಓಲಗದ ನಾದ ಗುಡಿಯ ಅಂಗಳಕ್ಕೆ, ತೇರಿನ ಬೀದಿಗೆ ಹುಟ್ಟಿದ್ದು, ಅದರ ಕೆಚ್ಚೇ ಅದರ ಸೊಗಸು. ದಕ್ಷಿಣ ಕನ್ನಡದಲ್ಲಿ ಸ್ಯಾಕ್ಸೋಫೋನು ಮದುವೆ, ಉತ್ಸವಗಳಿಗೆ ಒಗ್ಗಿಕೊಂಡದ್ದು ಆ ಬೀದಿಯ ನೆನಪಿನಿಂದಲೇ ಇರಬೇಕು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಚಪ್ಪರದಲ್ಲಿ ಆ ನಾದಕ್ಕೆ ಜಾಗವಿದೆ, ಹೊರಗಿನ ವಾಹನಗಳ ಗದ್ದಲವನ್ನೂ ಅದು ನುಂಗಿಕೊಳ್ಳುತ್ತದೆ. ಅದನ್ನೇ ಪುಟ್ಟ ಸಭಾಂಗಣದಲ್ಲಿ ಮೈಕು ಹಚ್ಚಿ ಕೇಳಿ, ಕಿವಿ ನೋಯಿತು ಎಂದರೆ ತಪ್ಪು ಯಾರದು? (ಧ್ವನಿವರ್ಧಕದ ಹುಡುಗನದು ಎನ್ನುವುದು ನಮ್ಮ ಸಭೆಗಳ ಸಾರ್ವಕಾಲಿಕ ಉತ್ತರ.) ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ಮೃದುವಾದ ಮೀಟನ್ನು ಚಪ್ಪರದಲ್ಲಿ ಕೂತು ಕೇಳಬೇಕಾಗಿ ಬಂದವರ ದೂರು ಇದರ ತಿರುಗುಮುರುಗು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ದೂರದ ಜಗಳ ಅನ್ನಿಸಬಾರದು. ರನ್ನನ ಗದಾಯುದ್ಧವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದಾಗ ಯಾರಾದರೂ ಒಬ್ಬರು ‘ಇಷ್ಟೊಂದು ಅಬ್ಬರ ಯಾಕೆ’ ಎನ್ನುವುದುಂಟು. ಆಗ ನಾವು ವೀರರಸ, ರೌದ್ರ ಎಂದು ಹೆಸರು ಹೇಳಿ ಮುಂದೆ ಹೋಗುತ್ತೇವೆ. ಒತ್ತಕ್ಷರಗಳ ಆ ಜಗ್ಗಾಟ ತಮಗೆ ಹಿಡಿಸಲಿಲ್ಲ ಎಂದು ಬರೆಯುವ ಧೈರ್ಯ ಮಾತ್ರ ಯಾರ ಉತ್ತರಪತ್ರಿಕೆಯಲ್ಲೂ ಇರುವುದಿಲ್ಲ. ನಮ್ಮ ಕಾವ್ಯಮೀಮಾಂಸೆ ಅರ್ಥದ ಹೊಳಹಿಗೆ ‘ಧ್ವನಿ’ ಎಂದು ಹೆಸರಿಟ್ಟು, ಅದರಲ್ಲೊಂದು ಬಗೆಯನ್ನು ಗಂಟೆ ಬಾರಿಸಿದ ಮೇಲೆ ಉಳಿಯುವ ಅನುರಣನಕ್ಕೆ ಹೋಲಿಸಿತು. ಹೋಲಿಕೆ ಉಳಿಯಿತು, ಗಂಟೆ ಯಾವ ಲೋಹದ್ದು ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆಯಲಿಲ್ಲ. ಹಳಗನ್ನಡವನ್ನು ಮೌನವಾಗಿ ಓದುವುದು ಕೂಡ ಚಪ್ಪರದ ಪಿಟೀಲನ್ನು ಇಯರ್‌ಫೋನಿನಲ್ಲಿ ಕೇಳಿದಂತೆಯೇ ಅಲ್ಲವೇ?

ಈಗ ಕಛೇರಿಗಳಲ್ಲಿ ಏಳು ತಂತಿಯ ಪಿಟೀಲು ಅಪರೂಪ. ಶ್ರುತಿ ಕೂಡಿಸುವ ತೊಂದರೆ ಒಂದು ಕಾರಣ, ಮೈಕಿಗೆ ತೆಳು ನಾದವೇ ಅನುಕೂಲ ಎನ್ನುವುದು ಇನ್ನೊಂದು. ಉಳಿದಿರುವುದು ಧ್ವನಿಮುದ್ರಣ. ಅದನ್ನು ನಾನು ಕೋಣೆಯ ಆ ತುದಿಯಲ್ಲಿ ಸ್ಪೀಕರ್ ಇಟ್ಟು, ಬಾಗಿಲ ಬಳಿ ಕೂತು ಕೇಳುತ್ತೇನೆ. ಮಂದ್ರಸ್ಥಾಯಿಯಲ್ಲಿ ಎರಡು ತಂತಿ ಒಂದಾಗಿ ಏಳುವಾಗ ಇಬ್ಬರು ಗಂಡಸರು ಅಣ್ಣತಮ್ಮಂದಿರ ಹಾಗೆ ಒಟ್ಟಿಗೆ ಹಾಡಿದಂತಿದೆ, ಅಂಥ ನಾದವನ್ನು ನಾಲ್ಕು ತಂತಿಯಲ್ಲಿ ನಾನು ಕೇಳಿಲ್ಲ. ತಾರಸ್ಥಾಯಿಗೆ ಹೋಗಿ ಬಿರುಸಾಗಿ ಸ್ವರ ಹಾಕುವಾಗ ಮಾತ್ರ ಆ ಗರಗರ ಇವತ್ತಿಗೂ ನನಗೆ ಹಿಡಿಸುವುದಿಲ್ಲ.